ಫಿರಂಗಿ ಮಂಡಳಿಯ ಯಜಮಾನಿ

ಹೆಂಡತಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು ಹೊರಟರೆ ಗಂಡನ ಭಾನುವಾರಗಳು ಅವನ ಕೈಯಲ್ಲಿ ಉಳಿಯುವುದಿಲ್ಲ. ಸಂಪತ್‌ನ ಹೆಂಡತಿ ಸೌದಾಮಿನಿಯ ವಿಷಯ, ಒಂದು ಕಾಲದಲ್ಲಿ ಬ್ರಿಟಿಷರ ಫಿರಂಗಿ, ಮದ್ದುಗುಂಡು, ಕೋಟೆಗಳ ಉಸ್ತುವಾರಿ ನೋಡುತ್ತಿದ್ದ ಆರ್ಡ್ನೆನ್ಸ್ ಮಂಡಳಿ. ಮಂಗಳವಾರ ಪ್ರೊಫೆಸರುಗಳ ಮುಂದೆ ಅವಳ ಪರೀಕ್ಷೆ. "ನಿಮಗೆ ಅರ್ಥ ಆದ್ರೆ ಇನ್ಯಾರಿಗಾದ್ರೂ ಅರ್ಥ ಆದೀತು" ಎಂದು ಗಂಡನನ್ನೇ ಶಿಷ್ಯನಾಗಿ ಕೂರಿಸಿಕೊಂಡಳು. ಮನೆಯಲ್ಲಿ ಬರೆದು ತೋರಿಸಲು ಜಾಗವಿಲ್ಲವೆಂದು ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಅವನ ಆಫೀಸಿಗೆ ಬಂದರು. ಆಸ್ಪತ್ರೆಗಳಿಗೆ ಔಷಧಿ, ಸಿರಿಂಜು ಇಂಟರ್ನೆಟ್ಟಿನಲ್ಲಿ ಮಾರುತ್ತೇವೆಂದು ಹೊರಟ ಹೊಸ ಕಂಪನಿ ಅದು. ಗೋಡೆಯುದ್ದದ ವೈಟ್‌ಬೋರ್ಡು ಬಿಟ್ಟರೆ ಹೇಳಿಕೊಳ್ಳುವಂಥ ಆಸ್ತಿ ಅದಕ್ಕಿನ್ನೂ ಆಗಿರಲಿಲ್ಲ.

ಕತೆ ಶುರುವಾಗುತ್ತಲೇ ಸಂಪತ್‌ಗೆ ಕಗ್ಗಂಟಾಯಿತು. ಕೋಟೆ ಕಟ್ಟುವ ಎಂಜಿನಿಯರು ಸೇನೆಯ ಜೊತೆಗೇ ಯುದ್ಧಕ್ಕೆ ಹೋಗುತ್ತಾನೆ, ಆದರೆ ಸೇನೆಗೆ ಸೇರಿದವನಲ್ಲ. ಅವನ ಸಂಬಳ, ಬಡ್ತಿಯೆಲ್ಲ ಮಂಡಳಿಯದು. ಫಿರಂಗಿ ಸೇನೆಗೂ ಬೇಕು, ನೌಕಾಪಡೆಗೂ ಬೇಕು. ಅದನ್ನು ಕೊಡುವ ಮಂಡಳಿ ಮಾತ್ರ ಇಬ್ಬರ ಕೈಕೆಳಗೂ ಇಲ್ಲ.

"ಯಾರು ಯಾರಿಗೆ ಬಾಸು ಅಂತ್ಲೇ ಗೊತ್ತಾಗುದಿಲ್ಲ ಮಾರಾಯ್ತಿ" ಎಂದ ಸಂಪತ್.

ಸೌದಾಮಿನಿ ತಾಳ್ಮೆಗೆಟ್ಟು, ತಾನು ವೈಟ್‌ಬೋರ್ಡಿನ ಮೇಲೆ ಬಿಡಿಸಿದ್ದ ಚೌಕಗಳೊಳಗಿನ ಹುದ್ದೆಗಳನ್ನೆಲ್ಲ ಅಳಿಸಿ ಅವನ ಆಫೀಸಿನವರ ಹೆಸರುಗಳನ್ನೇ ಬರೆದಳು. ಸೇನಾಪತಿಯ ಜಾಗದಲ್ಲಿ ಕಂಪನಿ ಕಟ್ಟಿದ ಮಂಡ್ಯದ ಶಿವಪ್ರಕಾಶ್. ಎಂಜಿನಿಯರುಗಳ ಜಾಗದಲ್ಲಿ ಸಂಪತ್ ಮತ್ತವನ ಜೊತೆಯವರು. ಅವರು ಶಿವಪ್ರಕಾಶ್‌ನ ಕೈಕೆಳಗಿನವರೆಂದು ತೋರಿಸುವ ಗೆರೆಯೇ ಇಲ್ಲ.

"ಹೆಚ್ಚಿಗೆ ಮದ್ದು ತುಂಬಿ ಹಾರಿಸಿ ನೋಡ್ತಿದ್ರು. ಒಡೆಯದ ಫಿರಂಗಿಗೆ ಮಾತ್ರ ಮಂಡಳಿಯ ಒಪ್ಪಿಗೆ. ನಿಮ್ಮಲ್ಲಿ ಹಾಗೆ ಪರೀಕ್ಷೆ ಮಾಡುದು ಯಾರು?"

"ಲಾಸ್ಯಾ. ಆದ್ರೆ ಅವ್ಳ ಮಾತು ಯಾರೂ ಕೇಳುದಿಲ್ಲ."

"ಇಲ್ಲಿ ಕೇಳ್ತಾರೆ" ಎಂದು ಸೌದಾಮಿನಿ ಎಲ್ಲರ ಮೇಲೆ ಲಾಸ್ಯಾಳ ಹೆಸರು ಬರೆದಳು. ನಾಳೆ ಬಂದು ನಕಲು ಮಾಡಿಕೊಳ್ಳುತ್ತೇನೆಂದು ಮೂಲೆಯಲ್ಲಿ 'ಸೇವ್' ಎಂದು ಗುರುತು ಹಾಕಿದಳು. ಹಾಗೆ ಬರೆದದ್ದನ್ನು ಬೇರೆ ಯಾರೂ ಅಳಿಸಕೂಡದೆಂಬುದು ಆ ಊರಿನ ಆಫೀಸುಗಳಲ್ಲಿ ದೇವರಾಣೆಯಷ್ಟೇ ಗಟ್ಟಿಯಾದ ಕಟ್ಟಳೆ.

ಸೋಮವಾರ ಸಂಪತ್ ತಡವಾಗಿ ಬಂದಾಗ ಲಾಸ್ಯಾಳ ಮೇಜಿನ ಸುತ್ತ ಜನ ನೆರೆದಿದ್ದರು. ಒಬ್ಬ ರಜೆ ಕೇಳುತ್ತಿದ್ದ, ಇನ್ನೊಬ್ಬ ಹೊಸ ಸರ್ವರಿಗೆ ಒಪ್ಪಿಗೆ ಕೇಳುತ್ತಿದ್ದ. ತಿಂಗಳಿಗೊಮ್ಮೆ ಬಾಸುಗಳು ಬದಲಾಗುವ ಜಾಗದಲ್ಲಿ ಬೋರ್ಡಿನ ಮೇಲಿನ ಹೆಸರುಗಳನ್ನು ಯಾರೂ ಅನುಮಾನಿಸಿರಲಿಲ್ಲ. ಲಾಸ್ಯಾ ಮೊದಮೊದಲು ಗಾಬರಿಯಾದರೂ ಕೊನೆಗೆ ಗಟ್ಟಿ ಮನಸ್ಸು ಮಾಡಿ ಬುಧವಾರ ಹೊರಬರಬೇಕಿದ್ದ ಹೊಸ ಸಾಫ್ಟ್‌ವೇರಿನ ರಿಲೀಸನ್ನೇ ನಿಲ್ಲಿಸಿದ್ದಳು. ಒಂದು ಆಸ್ಪತ್ರೆ ಕೇಳಿದ ಇನ್ಸುಲಿನ್ ಇನ್ನೊಂದು ಆಸ್ಪತ್ರೆಯ ವಿಳಾಸಕ್ಕೆ ಹೋಗುತ್ತಿತ್ತಂತೆ. ಆ ಭಾಗ ಬರೆದವನು ಸಂಪತ್‌ನೇ. ಅವನಿಗೆ ನಾಚಿಕೆಯಾಯಿತು. ಈ ಹೆಸರುಗಳು ಸುಳ್ಳು ಎಂದು ಕೂಗಲೋ, ಸುಮ್ಮನಿರಲೋ ತಿಳಿಯದೆ ಕಾಫಿ ತರುವ ನೆಪದಲ್ಲಿ ಎರಡು ಸಲ ಅತ್ತಿತ್ತ ಓಡಾಡಿದ. ಅವನ ಗ್ರೀನ್ ಕಾರ್ಡಿನ ಕಾಗದಗಳು ಇನ್ನೂ ಸಹಿಗೆ ಕಾಯುತ್ತ ಶಿವಪ್ರಕಾಶ್‌ನ ಮೇಜಿನ ಮೇಲಿದ್ದವು.

ಊಟದ ಹೊತ್ತಿಗೆ ಬಂದ ಶಿವಪ್ರಕಾಶ್ ಅವನನ್ನು ವೈಟ್‌ಬೋರ್ಡಿದ್ದ ಗಾಜಿನ ಕೋಣೆಗೆ ಕರೆದ. ಗುಡುಗುತ್ತಾನೆಂದುಕೊಂಡರೆ ದನಿ ತಗ್ಗಿಸಿದ.

"ಬಾಗ್ಲು ಹಾಕಪ್ಪ. ಯಾರು ಬರ್ದೋರು ಇದ್ನ? ದುಡ್ಡು ಹಾಕಿರೋರು ಯಾರಾರ ಬಂದಿದ್ರಾ?"

ಬಾಸ್‌ಗೇ ತನ್ನ ಬಾಸ್ ಯಾರೆಂಬ ಗೊಂದಲ! ಸಂಪತ್‌ಗೆ ನಗು ಬಂತು, ಹೆದರಿಕೆಯೂ ಆಯಿತು. ಸೌದಾಮಿನಿ, ಪಿಎಚ್‌ಡಿ, ಫಿರಂಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಶಿವಪ್ರಕಾಶ್ ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ.

"ಸದ್ಯ, ಬದುಕ್ದೆ ಕಣಯ್ಯ. ದುಡ್ಡಿನೋರು ಫೋನ್ ಮಾಡಿದ್ರು. ಅವ್ರಿಗೆ ವಿಷ್ಯ ಗೊತ್ತಿರ್ಬೇಕು ಅಂತ ಹೆದ್ರಿ, ಹೊಸಾ ಏರ್ಪಾಡು ನಂದೇ ಐಡಿಯಾ ಅಂದ್ಬುಟ್ಟೆ. ಖುಷಿಯಾಗವ್ರೆ. ಇನ್ನು ಅಳ್ಸಂಗಿಲ್ಲ. ಆದ್ರೆ ಮೇಲಿರೋ ಹೆಸ್ರು ಲಾಸ್ಯಾದು ಬೇಡ. ನಿಂದು ಬರಿ."

"ನಂದಾ?"

"ಹೂಂ. ಬುಧವಾರ ರಿಲೀಸ್ ಮಾಡು. ಇವತ್ತೇ ನಿನ್ ಪೇಪರ್ಸಿಗೆ ಸೈನ್ ಹಾಕ್ತೀನಿ. ಆ ಹುಡ್ಗಿಗೆ ಬೇರೆ ಕಡೆ ನೋಡ್ಕೊ ಅನ್ನಣ."

ಮಾರ್ಕರ್ ಸಂಪತ್‌ನ ಕೈಗೆ ಬಂತು. ಅವನು ಬೋರ್ಡಿನ ಮುಂದೆ ನಿಂತ. ನಿಜ ಹೇಳಿದರೆ ತನ್ನ ಕೆಲಸ ಹೋದೀತೆಂದು ಹೆದರಿದ್ದ, ಈಗ ಬಡ್ತಿ ಬಂದಿದೆ, ಲಾಸ್ಯಾಳ ಕೆಲಸ ಹೋಗುತ್ತಿದೆ. ಇದು ಯಾವ ನ್ಯಾಯವೋ ಅವನಿಗೆ ಹೊಳೆಯಲಿಲ್ಲ. ಗ್ರೀನ್ ಕಾರ್ಡ್ ಬೇಕೇ ಬೇಕು, ಅದರಲ್ಲಿ ಸುಳ್ಳಿಲ್ಲ. ಇನ್ಸುಲಿನ್ ಇಲ್ಲದೆ ಕಾಯುವ ಯಾರೋ ಗುರುತಿಲ್ಲದ ರೋಗಿಯನ್ನು ನೆನೆದರೆ ಎದೆ ಭಾರವಾಯಿತು. ಗಾಜಿನಾಚೆ ಲಾಸ್ಯಾ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ಒಳಗೆ ತನ್ನ ಹಣೆಬರಹ ಬರೆಯಲು ಒಬ್ಬ ನಿಂತಿದ್ದಾನೆಂಬುದು ಅವಳಿಗೆ ಗೊತ್ತಿರಲಿಲ್ಲ.

"ಏನ್ ಯೋಚ್ನೆ ಮಾಡ್ತಿದೀಯಯ್ಯ?" ಎಂದ ಶಿವಪ್ರಕಾಶ್.

"ಗೊತ್ತಾಗ್ತಾ ಇಲ್ಲ ಸರ್" ಎಂದ ಸಂಪತ್. ಅದೂ ನಿಜವೇ.

ಮಾರ್ಕರನ್ನು ಮೇಜಿನ ಮೇಲಿಟ್ಟು ಬಾಗಿಲು ತೆಗೆದು ಹೊರಗೆ ಬಂದ. ನೆಟ್ಟಗೆ ಲಾಸ್ಯಾಳ ಮೇಜಿನ ಬಳಿ ಹೋಗಿ, ಆಫೀಸಿಗೆಲ್ಲ ಕೇಳುವಂತೆ ಕೇಳಿದ.

"ಲಾಸ್ಯಾ, ಬುಧವಾರ ರಿಲೀಸ್ ಮಾಡ್ಬಹುದಾ?"

ಲಾಸ್ಯಾ ಅವನ ಬೆನ್ನ ಹಿಂದೆ, ಗಾಜಿನ ಕೋಣೆಯಲ್ಲಿ ಎದ್ದು ನಿಂತಿದ್ದ ಶಿವಪ್ರಕಾಶ್‌ನನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಆದರೂ ತಲೆಯಾಡಿಸಿದಳು.

"ಬೇಡ."

"ಸರಿ, ಮಾಡುದಿಲ್ಲ. ತಪ್ಪು ನನ್ನ ಕೋಡಿನದ್ದೇ."

"ಗೊತ್ತು ಸಂಪತ್. ನಿಮಗೇ ಮೂರು ಸಲ ಹೇಳಿದ್ದೆ" ಎನ್ನುತ್ತ ಲಾಸ್ಯಾ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದಳು. "ಕೂತ್ಕೊಳ್ಳಿ, ತೋರಿಸ್ತೀನಿ."

ಗಾಜಿನ ಕೋಣೆಯಿಂದ ಶಿವಪ್ರಕಾಶ್ ಅವನ ಹೆಸರು ಹಿಡಿದು ಕರೆದ. ಸಂಪತ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಲಾಸ್ಯಾಳ ಪಕ್ಕದಲ್ಲಿ ಕೂತ.