ಅಂಟಿನ ವಾಸನೆ ಮರೆತ ಮನೆ

ಮುಂದೆ ಸೋಫಾ ಕಟ್ಟುವ ಅಂಗಡಿ, ಹಿಂದೆ ಮನೆ. ಫೋಮಿಗೆ ಬಳಿಯುವ ಅಂಟಿನ ವಾಸನೆ ಹಾಸಿಗೆಗೂ ಊಟಕ್ಕೂ ಹತ್ತಿದ್ದರಿಂದ, ಆ ಮನೆಯವರ ಮೂಗು ಅದನ್ನು ಎಂದೋ ಮರೆತಿತ್ತು. ಅಂಟಿನ ಡಬ್ಬಿಗಳು ಬೇಗ ಬರಿದಾಗತೊಡಗಿದಾಗ ಯಜಮಾನನು ತೂಕ ಕಡಿಮೆಯೆಂದು ಮಾರಾಟಗಾರನ ಜನ್ಮ ಜಾಲಾಡಿದನು. ತನ್ನ ಹದಿಮೂರರ ಮಗಳ ಮುಖವನ್ನು ಮಾತ್ರ ನೋಡಲಿಲ್ಲ.

ನೋಡಿದವಳು ಊಟಕ್ಕೆ ಬಂದಿದ್ದ ಅವನ ಅಕ್ಕ, ಆಸ್ಪತ್ರೆಯಲ್ಲಿ ದಾದಿ. ಹುಡುಗಿಯ ಕಣ್ಣು ಕೆಂಪು, ಬಾಯಿಯ ಸುತ್ತ ಹುಣ್ಣು, ಮಾತು ತೊದಲು. ಅಕ್ಕ ತಟ್ಟೆ ಸರಿಸಿದಳು.

"ಇವಳು ಅಂಟು ಮೂಸ್ತಿದಾಳೆ ಕಣೋ."

"ನಮ್ಮನೇಲಿ ಬೆಕ್ಕಿಗೂ ಅದೇ ವಾಸನೆ. ಸುಮ್ನೆ ಊಟ ಮಾಡಕ್ಕ."

"ಬೆಕ್ಕು ತೊದಲುತ್ತಾ? ವಾಸನೆ ಬಟ್ಟೇಲಲ್ಲ, ಉಸಿರಲ್ಲಿದೆ. ಬಗ್ಗಿ ನೋಡು."

ಅವನು ಬಗ್ಗಿದನು. ಮರುಕ್ಷಣವೇ ಅಳತೆಯ ಕೋಲಿಗೆ ಕೈಹಾಕಿದನು. ಅಕ್ಕ ಅದನ್ನು ಕಿತ್ತುಕೊಂಡಳು.

"ಹೊಡಿ. ನಾಳೆಯಿಂದ ಬಚ್ಚಲಲ್ಲಿ ಕದ್ದು ಮೂಸ್ತಾಳೆ. ಒಂದ್ಸಲ ಮೂಸಿದ್ರೂ ಎದೆಬಡಿತ ನಿಂತು ಹೋಗ್ಬಹುದು, ಗೊತ್ತಾ?"

ತಾಯಿ ಅಂಗಡಿಯ ಕಡೆಯ ಬಾಗಿಲು ಮುಚ್ಚಿದಳು. "ಮೆಲ್ಲಗೆ ಅತ್ತಿಗೆ. ನಾಲ್ಕು ಜನಕ್ಕೆ ಗೊತ್ತಾದ್ರೆ ಮಾನ ಉಳಿಯುತ್ತಾ? ವಯಸ್ಸಿನ ಹುಚ್ಚು, ತಾನಾಗೇ ಬಿಡುತ್ತೆ."

ಅಕ್ಕ ತಮ್ಮನತ್ತ ತಿರುಗಿದಳು. "ಗಿರಾಕಿಗಳಿಗೆ ಏನಂತ ಬೈತೀಯೋ ನೀನು? ಒಂದು ಹೊಲಿಗೆ ಬಿಟ್ಟಾಗ್ಲೇ ತರಬಾರ್ದಾ, ಪೂರ್ತಿ ಹರಿದ್ಮೇಲೆ ತಂದ್ರೆ ನಾನೇನು ಮಾಡ್ಲಿ ಅಂತ ತಾನೆ? ಸೋಫಾಕ್ಕಿರೋ ಯೋಗ ನಿನ್ನ ಮಗಳಿಗಿಲ್ವಾ?"

ಅಕ್ಕ ನೆಲದ ಮೇಲೆ ಹುಡುಗಿಯ ಪಕ್ಕ ಕುಳಿತು, "ಯಾಕಮ್ಮ?" ಎಂದು ಕೇಳಿದಳು.

"ಮೂಸಿದ್ರೆ ಅಪ್ಪ ಅಮ್ಮನ ಜಗಳ ಎಲ್ಲೋ ದೂರದಲ್ಲಿ ನಡೆದಂಗಿರುತ್ತೆ ಅತ್ತೆ."

ಆಮೇಲೆ ಯಾರೂ ಉಣ್ಣಲಿಲ್ಲ. ವ್ಯಾಪಾರದ ಹೊತ್ತಿನಲ್ಲೇ ಅಂಗಡಿಯ ಶಟರ್ ಇಳಿಯಿತು; ಎಲ್ಲರೂ ಅಕ್ಕನ ಆಸ್ಪತ್ರೆಗೆ ಹೊರಟರು. ಅಲ್ಲಿನ ಆಪ್ತಸಮಾಲೋಚಕಿ ಹುಡುಗಿಯನ್ನು ಗದರಲಿಲ್ಲ. "ಬೇಗ ಬಂದಿದ್ದೀರಿ, ಒಳ್ಳೇದಾಯ್ತು. ಆದ್ರೆ ಇವಳೊಬ್ಬಳನ್ನೇ ಕಳಿಸಬೇಡಿ. ಪ್ರತಿ ಸಲವೂ ನೀವಿಬ್ಬರೂ ಜೊತೆಗೆ ಬರಬೇಕು" ಎಂದಳು.

"ನಾವ್ಯಾಕೆ?" ಎನ್ನಲು ಬಾಯಿತೆರೆದ ತಂದೆ ಮಗಳನ್ನು ನೋಡಿದನು. "ಬರ್ತೀವಿ" ಎಂದನು.

ಓದುತ್ತಿರುವ ತಂದೆತಾಯಿಗಳೇ, ಮನೆಯ ಸಾಮಾನು ತುಸು ಸವೆದರೂ ನಿಮಗೆ ತಿಳಿಯುತ್ತದೆ. ಮಕ್ಕಳು ಸವೆಯುವುದು ತಿಳಿಯದೆ? ಅಂಟಾಗಲಿ, ಹೊಗೆಯಾಗಲಿ, ಮದ್ಯವಾಗಲಿ, ಮಗುವಿನ ನಿದ್ದೆ, ಮಾತು, ಗೆಳೆತನ ಬದಲಾದಾಗಲೇ ಹತ್ತಿರ ಕುಳಿತು ಕೇಳಿ. ಹೊಡೆಯಬೇಡಿ, ಮುಚ್ಚಿಡಬೇಡಿ, ಸಮೀಪದ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆ ನೋಡೋಣ ಎನ್ನುವವರನ್ನು ಕೇಳಬೇಕಾದದ್ದು ಒಂದೇ: ಅಷ್ಟರಲ್ಲಿ ಸವೆಯುವ ಆ ಮಗು ಯಾರದು?