ತನ್ನ ಬಗ್ಗೆ ತಾನೇ ಬರೆದ ಪತ್ರ

ಮೇಜಿನ ಮೇಲಿದ್ದ ಮೊಬೈಲು ಒಮ್ಮೆ ಟಿಣ್ ಎಂದಿತು. ರಾತ್ರಿ ಹನ್ನೆರಡೂವರೆ. ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಕೂತು ಗಾಜಿನ ತಟ್ಟೆಗಳಿಗೆ ತಾರೀಖಿನ ಚೀಟಿ ಅಂಟಿಸುತ್ತಿದ್ದಳು. ಗೈಡ್ ಮೇಲ್ ಕಳಿಸಿದ್ದರು: ‘ಪತ್ರಕ್ಕೆ ಸಹಿ ಮಾಡಿ ಸಂದರ್ಶನದವರಿಗೆ ಕಳಿಸಿದ್ದೇನೆ. ಪ್ರತಿ ಇದರೊಂದಿಗಿದೆ.’

ಅವಳ ಪಿಎಚ್.ಡಿ. ಮುಗಿದು ಎಂಟು ತಿಂಗಳಾಗಿತ್ತು. ತಿಂಗಳ ಕೊನೆಗೆ ಇಲ್ಲಿನ ತಾತ್ಕಾಲಿಕ ಕೆಲಸವೂ ಮುಗಿಯುತ್ತಿತ್ತು. ಪೋಸ್ಟ್‌ಡಾಕ್ ಸಂಶೋಧನೆಯ ಕೆಲಸಕ್ಕೆಂದು ಮೂವತ್ತೊಂದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆದದ್ದು ಒಂದೇ. ಅದಕ್ಕೆ ಗೈಡ್ ಅವರ ಶಿಫಾರಸು ಪತ್ರ ಬೇಕಿತ್ತು. ಕೇಳಿದ್ದಕ್ಕೆ ಅವರು ಎಲ್ಲ ವಿದ್ಯಾರ್ಥಿಗಳಿಗೂ ಹೇಳುವುದನ್ನೇ ಹೇಳಿದ್ದರು: “ನೀನೇ ಬರ್ಕೊಂಡು ಬಾರಮ್ಮ, ಸಹಿ ಹಾಕ್ತೀನಿ. ನನಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ.”

ತನ್ನನ್ನೇ ‘ಈಕೆ’ ಎಂದು ಕರೆದು ಹೊಗಳಿಕೊಳ್ಳುವುದು ಅವಳಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ‘ಶ್ರಮಜೀವಿ’ ಎಂದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಬೇಸತ್ತು ಒಂದು ಸಾಲು ಸೇರಿಸಿದ್ದಳು: ‘ಈಕೆಯನ್ನು ಯಾರಾದರೂ ಊಟಕ್ಕೆ ಕರೆಯಬೇಕು, ತಾನಾಗಿ ಬಂದು ಕೂರುವವಳಲ್ಲ.’ ಕಳಿಸುವ ಮುಂಚೆ ಅಳಿಸಿದರಾಯಿತು ಅಂದುಕೊಂಡಿದ್ದಳು.

ಈಗ ಪ್ರತಿಯನ್ನು ತೆರೆದು ನೋಡಿದಳು. ಅಳಿಸಲು ಮರೆತಿದ್ದ ಸಾಲು ಇದ್ದಲ್ಲೇ ಇತ್ತು. ಅದರ ಕೆಳಗೆ ಗೈಡ್ ಅವರ ಉದ್ದ ಬಾಲದ ಸಹಿ. ಪುಣ್ಯಾತ್ಮ ಓದಿಯೇ ಇರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ಕಂಪ್ಯೂಟರಿನ ಪರದೆಯಲ್ಲಿ ನರೆಗೂದಲಿನ ಮಹಿಳಾ ವಿಜ್ಞಾನಿಯೊಬ್ಬರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ, ಪತ್ರ ಕೈಗೆತ್ತಿಕೊಂಡರು. ಅವಳು ಕುರ್ಚಿಯ ತುದಿಗೆ ಸರಿದಳು. ತಾನೇ ಬರೆದದ್ದೆಂದು ಗೊತ್ತಾದರೆ ಕೆಲಸವೂ ಹೋಯಿತು, ಗೈಡ್ ಅವರ ಮರ್ಯಾದೆಯೂ ಹೋಯಿತು.

“ಪ್ರತಿಭಾವಂತೆ, ಶ್ರಮಜೀವಿ ಅಂತ ಎಲ್ರೂ ಬರೀತಾರೆ ಬಿಡಿ. ನಮ್ಮನೆ ಬೆಕ್ಕಿಗೂ ಬರ್ಕೊಡ್ಬಹುದು,” ಎಂದು ಅವರು ನಕ್ಕರು. “ಊಟದ ಮಾತು ಬರೆದವರು ಇವರೊಬ್ರೇ. ನಿಮ್ಮನ್ನ ಅಷ್ಟು ಗಮನಿಸ್ತಾರಾ?”

ಐದು ವರ್ಷದಲ್ಲಿ ‘ಊಟ ಆಯ್ತಾ’ ಎಂದು ಗೈಡ್ ಒಂದು ಸಲವೂ ಕೇಳಿರಲಿಲ್ಲ.

“ಹೌದು ಮೇಡಂ,” ಅಂದಳು. “ತುಂಬಾ ಗಮನಿಸ್ತಾರೆ.”

“ಒಂದನೇ ತಾರೀಖಿಗೆ ಬಂದ್ಬಿಡಿ. ನಮ್ಮಲ್ಲಿ ಮಧ್ಯಾಹ್ನ ಎಲ್ರೂ ಒಟ್ಟಿಗೇ ಕೂರೋದು. ತಪ್ಪಿಸ್ಕೊಂಡ್ರೆ ಎಳ್ಕೊಂಡು ಬರ್ತೀವಿ.”

ಸುದ್ದಿ ಕೇಳಿದ ಗೈಡ್ ಕಾರಿಡಾರಿನಲ್ಲೇ ಎದೆಯುಬ್ಬಿಸಿದರು. “ನೋಡಿದ್ಯಾ, ನನ್ನ ಪತ್ರದ ತಾಕತ್ತು!”

“ಹೌದು ಸರ್,” ಎಂದಳು.

ಸಂಜೆ ಅಕ್ಕ ಫೋನಿನಲ್ಲೇ ಕುಣಿದಳು. “ಅಂತೂ ಗೆದ್ಯಲ್ಲೇ, ಮೂಗಿ! ಅದೇನಪ್ಪಾ ಬರೆದ್ರು ನಿಮ್ಮ ಗೈಡ್, ನಿನ್ನಂಥವಳನ್ನೂ ಒಪ್ಪೋ ಹಾಗೆ?”

ನಿಜ ಹೇಳಿದರೆ ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ, “ಹಾಗಾದ್ರೆ ದಿನಾ ಯಾರ ಜೊತೆ ಊಟ ಮಾಡ್ತಿದ್ದೆ?” ಎಂದು ಕೇಳುತ್ತಿದ್ದಳು. ಗೆಳತಿಯರ ಜೊತೆ ಎಂದು ಇವಳು ಐದು ವರ್ಷದಿಂದ ಅಕ್ಕನಿಗೆ ಹೇಳಿಕೊಂಡು ಬಂದಿದ್ದಳಲ್ಲ.

“ಏನೋಪ್ಪ, ಒಳ್ಳೇದೇ ಬರೆದಿರ್ಬೇಕು,” ಎಂದಳು.

“ಅವರಿಗೊಂದು ದೊಡ್ಡ ನಮಸ್ಕಾರ ಹೇಳೇ.”

“ಹೇಳ್ತೀನಿ ಅಕ್ಕ.”

ಫೋನಿಟ್ಟು, ಕಂಪ್ಯೂಟರಿನಲ್ಲಿ ಉಳಿದಿದ್ದ ಕರಡನ್ನು ಅಳಿಸಿದಳು. ತಾನೇ ಬರೆದದ್ದೆಂಬುದು ಅಕ್ಕನಿಗೂ ಗೊತ್ತಾಗುವುದು ಬೇಡ, ಯಾರಿಗೂ ಬೇಡ ಎಂದು ತೀರ್ಮಾನಿಸಿದಳು.