ಗಂಜಿಯ ತಿಳಿ

ಐಸಿಯು ಬಾಗಿಲ ಮುಂದೆ ಪದ್ಮಾವತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏಳುವುದು, ಲಿಫ್ಟಿನವರೆಗೆ ಹೋಗಿ ತಿರುಗುವುದು, ಮತ್ತೆ ಕುರ್ಚಿಯ ತುದಿಯಲ್ಲಿ ಕೂರುವುದು. ಒಳಗೆ ಅತ್ತೆ ಪುಟ್ಟಲಿಂಗಮ್ಮ ಹೆತ್ತ ಮಗನ ಗುರುತೂ ಹಿಡಿಯದೆ ಮಲಗಿದ್ದರು. ಕುವೆಂಪುನಗರದ ಮನೆಯಲ್ಲಿ ಬೆಳಿಗ್ಗೆ ತೂರಾಡಿ ಬಿದ್ದವರನ್ನು ಗಂಡಹೆಂಡತಿ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು.

ಡಾಕ್ಟರ್ ಲಾಸ್ಯ ಹೊರಗೆ ಬಂದರು. "ರಕ್ತಕ್ಕೆ ನಂಜೇರಿದೆ, ಔಷಧ ಶುರು ಮಾಡಿದೀವಿ. ಈಗ ಗ್ಲೂಕೋಸ್ ಹಾಕಿ, ಆಮೇಲೆ ಮೂಗಿನ ಟ್ಯೂಬಲ್ಲಿ ಆಹಾರ ಕೊಡ್ತೀವಿ. ಮನೇಲಿ ಊಟ ಸರಿಯಾಗಿ ಮಾಡ್ತಿದ್ರಾ? ನಿಜ ಹೇಳಿ. ತುಂಬಾ ದಿನ ಹೊಟ್ಟೆಗಿಲ್ದೆ ಇದ್ದೋರಿಗೆ ವಿಟಮಿನ್ ಇಂಜೆಕ್ಷನ್ ಮೊದಲು ಕೊಡ್ಬೇಕು. ಇಲ್ದಿದ್ರೆ ಮೆದುಳಿಗೆ, ಹೃದಯಕ್ಕೆ ಅಪಾಯ."

"ಚೆನ್ನಾಗೇ ಉಣ್ತಿದ್ರು ಡಾಕ್ಟ್ರೇ" ಎಂದ ಪದ್ಮಾವತಿಯ ಗಂಡ ನಾಗೇಂದ್ರ. ಅವನದೇನು ತಪ್ಪು? ದಿನಾ ಸಂಜೆ ಚಪ್ಪಲಿ ಬಿಡುತ್ತಲೇ "ಊಟ ಆಯ್ತಾ ಅವ್ವ?" ಎನ್ನುತ್ತಿದ್ದ. "ಆಯ್ತು ಕಣಪ್ಪ" ಎಂದು ಉತ್ತರ ಬರುತ್ತಿತ್ತು. ಆ ಪ್ರಶ್ನೆಗೆ ಆಗಿಲ್ಲ ಎಂದವರನ್ನು ಮೈಸೂರಿನಲ್ಲಿ ಯಾರು ಕಂಡಿದ್ದಾರೆ. ಅವ್ವ ಸೊರಗಿ ಸೀರೆಗೆ ನೆರಿಗೆ ಹೆಚ್ಚಾದದ್ದು ಗಂಡಸಿನ ಕಣ್ಣಿಗೆ ಬೀಳುವುದೂ ಇಲ್ಲ.

ಪದ್ಮಾವತಿಗೆ ಗೊತ್ತಿತ್ತು. ಅತ್ತೆಗೆ ಬಿಪಿ ಏರಿದೆಯೆಂದು ಅವಳು ಸಾರಿಗೆ ಉಪ್ಪು ಕಡಿಮೆ ಮಾಡಿದ್ದಳು. "ನಿನ್ನ ಸಪ್ಪೆ ಸಾರು ನೀನೇ ಉಣ್ಣು, ನಂಗೆ ಗಂಜಿ ತಿಳಿ ಸಾಕು" ಎಂದು ಅತ್ತೆ ಮುಖ ತಿರುಗಿಸಿದರು. ಅಂದಿನಿಂದ ಬಿಳಿ ಅಕ್ಕಿಯ ಗಂಜಿ ತಿಳಿಯೇ ಊಟ. ಯುಗಾದಿಗೆ ಹಿಡಿದ ಮುನಿಸು ಆಷಾಢ ಬಂದರೂ ಇಳಿಯಲಿಲ್ಲ. ಇವಳೇನು ಕಡಿಮೆಯವಳೇ? ಎರಡನೇ ಸಲ ಊಟಕ್ಕೆ ಕರೆಯಲೇ ಇಲ್ಲ.

ಈಗ ಬಾಯಿ ಬಿಡೋಣವೆಂದರೆ, ನಜರ್‌ಬಾದಿನಿಂದ ಓಡಿ ಬಂದ ನಾದಿನಿ ಗೌತಮಿ ಪಕ್ಕದಲ್ಲೇ ನಿಂತಿದ್ದಾಳೆ. ಅತ್ತೆಯನ್ನು ಉಪವಾಸ ಕೆಡವಿದ ಸೊಸೆ ಎಂದು ನೆಂಟರೆಲ್ಲ ಆಡಿಕೊಂಡರೆ ತಲೆಯೆತ್ತಿ ಓಡಾಡುವುದು ಹೇಗೆ? ಡಾಕ್ಟರ್ ಆಗಲೇ ಬಾಗಿಲು ತಳ್ಳುತ್ತಿದ್ದರು.

"ಇಲ್ಲ ಡಾಕ್ಟ್ರೇ" ಎಂದಳು ಪದ್ಮಾವತಿ. "ಯುಗಾದಿಯಿಂದ ಬರೀ ಗಂಜಿ ತಿಳಿ ಕುಡ್ಕೊಂಡಿದ್ರು, ನನ್ ಮೇಲಿನ ಸಿಟ್ಟಿಗೆ. ನಾನೂ ಅಂಗೇ ಬುಟ್ಬುಟ್ಟೆ."

ಲಾಸ್ಯ ಗಕ್ಕನೆ ನಿಂತರು. ನರ್ಸನ್ನು ಕರೆದು ಗ್ಲೂಕೋಸ್ ತಡೆದರು, ಬಿ-ಒನ್ ವಿಟಮಿನ್ ಇಂಜೆಕ್ಷನ್ ಮೊದಲು ಕೊಡಿಸಿದರು. ಆಹಾರ ಸ್ವಲ್ಪಸ್ವಲ್ಪವೇ ಕೊಡಬೇಕಂತೆ, ಜತೆಗೆ ಚಿಟಿಕೆಗಿಂತ ಕಡಿಮೆ ಸತು, ಸೆಲೆನಿಯಂ ಎಂಬ ಖನಿಜಗಳು. ಚಿಟಿಕೆ ಉಪ್ಪಿನ ಜಗಳ ಎಲ್ಲಿಗೆ ಬಂದು ನಿಂತಿತು ನೋಡಿ.

"ನಮ್ಮವ್ವನ್ನ ಕೊಂದೇಬುಡ್ತಿದ್ದೆ ನೀನು" ಎಂದು ಗೌತಮಿ ಅತ್ತಳು. ನಾಗೇಂದ್ರ ಹೆಂಡತಿಯ ಮುಖ ನೋಡಲಿಲ್ಲ. ಪದ್ಮಾವತಿ ಮತ್ತೆ ಎದ್ದು ಲಿಫ್ಟಿನ ಕಡೆ ನಡೆದಳು.

ಜ್ವರ ಇಳಿದು ಅತ್ತೆಗೆ ಜನರ ಗುರುತು ಹತ್ತಿದ ಮೇಲೆ ಅವಳನ್ನೂ ಒಳಗೆ ಬಿಟ್ಟರು. ಪುಟ್ಟಲಿಂಗಮ್ಮ ಸೊಸೆಯನ್ನೇ ದಿಟ್ಟಿಸಿದರು.

"ಊಟ ಆಯ್ತಾ?"

ಆಯ್ತು ಎಂಬ ಮಾತು ಬಾಯಿಗೆ ಬಂದೇ ಬಿಟ್ಟಿತ್ತು. ಪದ್ಮಾವತಿ ಅದನ್ನು ನುಂಗಿಕೊಂಡಳು. "ಇಲ್ಲ ಅತ್ತೆ. ನೀವು ಬಿದ್ದಾಗಿಂದ ಗಂಟಲಲ್ಲಿ ಇಳೀತಾನೇ ಇಲ್ಲ."

ಅತ್ತೆಯ ಕೈ ಹೊದಿಕೆಯಡಿಯಿಂದ ತಡಕಾಡುತ್ತ ಬಂದು ಅವಳ ಬೆರಳು ಹಿಡಿಯಿತು.

"ನಂದೂ ಆಗಿಲ್ಲ ಕಣೇ" ಎಂದರು ಪುಟ್ಟಲಿಂಗಮ್ಮ. "ಮನೆಗೋದ್ಮೇಲೆ ಆ ಸಪ್ಪೆ ಸಾರೇ ಮಾಡು."